ಲೇಸರ್ ಆದ ಮೇಲೆ ಕಣ್ಣಿನ ಗಾಯ ಮಾಯಿಸುವುದು ಕಣ್ಣೀರು: ತಯಾರಿಯಿಂದ ಮೊದಲ ವರ್ಷದವರೆಗೆ ಏನೇನು ಮಾಡಬೇಕು

ಕನ್ನಡಕ ಬಿಡಬೇಕು ಅಂತ ಲೇಸರ್ ಮಾಡಿಸಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವುದು ಎರಡು ಪ್ರಶ್ನೆ. ಯಾವ ಮೆಷಿನ್? ಎಷ್ಟು ಖರ್ಚು? ಆಪರೇಷನ್ ಆದ ಮೇಲೆ ಆ ಗಾಯ ಹೇಗೆ ಮಾಯುತ್ತದೆ ಅಂತ ಕೇಳುವವರು ತುಂಬ ಕಡಿಮೆ. ಲೇಸರ್ ಕಿರಣ ಒಂದು ಕಣ್ಣಿನ ಮೇಲೆ ಬೀಳುವುದು ಸೆಕೆಂಡುಗಳ ಲೆಕ್ಕದಲ್ಲಿ. ಗಾಯ ಮಾಯುವ ಕೆಲಸ ಮಾತ್ರ ದಿನಗಟ್ಟಲೆ, ತಿಂಗಳುಗಟ್ಟಲೆ ನಡೆಯುತ್ತದೆ. ಅದರಲ್ಲಿ ದೊಡ್ಡ ಪಾಲು ನಿಮ್ಮದೇ ಕಣ್ಣೀರಿನದು. ಡಾಕ್ಟರು ಕೊಡುವ ಡ್ರಾಪ್ಸ್ ಸೋಂಕು ತಡೆಯುತ್ತದೆ, ಉರಿಯೂತ ಇಳಿಸುತ್ತದೆ. ಹೊಸ ಪದರ ಬೆಳೆಸುವುದು ಕಣ್ಣೇ. ಆ ಕೆಲಸಕ್ಕೆ ನಾವು ಅಡ್ಡ ಬರದಂತೆ ನೋಡಿಕೊಳ್ಳುವುದು ಹೇಗೆ ಅನ್ನುವುದೇ ಈ ಲೇಖನ.

ಕಣ್ಣೀರಿನಲ್ಲಿ ಏನಿದೆ?

ಕೈ ಕೊಯ್ದುಕೊಂಡರೆ ರಕ್ತ ಬರುತ್ತದೆ. ಗಾಯ ಮಾಯಿಸಲು ಬೇಕಾದ ಸಾಮಾನೆಲ್ಲ ಆ ರಕ್ತದಲ್ಲೇ ಬರುತ್ತದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಅಂದರೆ ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲ. ಇದ್ದಿದ್ದರೆ ಬೆಳಕು ಸರಾಗವಾಗಿ ಒಳಗೆ ಹೋಗುತ್ತಿರಲಿಲ್ಲ. ಹಾಗಾಗಿ ಕಾರ್ನಿಯಾದ ಮೇಲ್ಮೈಗೆ ರಕ್ತ ಮಾಡಬೇಕಾದ ಕೆಲಸವನ್ನು ಬಹುಪಾಲು ಕಣ್ಣೀರೇ ಮಾಡುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ಕಣ್ಣೀರಿನಲ್ಲಿ ಕರಗಿ ಕಾರ್ನಿಯಾಕ್ಕೆ ಸೇರುತ್ತದೆ. ಕಣ್ಣೀರಿನ ಲೈಸೋಜೈಮ್, ಲ್ಯಾಕ್ಟೋಫೆರಿನ್ ಬ್ಯಾಕ್ಟೀರಿಯಾವನ್ನು ತಡೆಯುತ್ತವೆ. ಇವುಗಳ ಜೊತೆಗೆ ಗ್ರೋತ್ ಫ್ಯಾಕ್ಟರ್‌ಗಳು, ಅಂದರೆ ಬೆಳವಣಿಗೆ ಅಂಶಗಳು ಇರುತ್ತವೆ. ಇವು ಜೀವಕೋಶಗಳಿಗೆ ‘ಸರಿ, ಬೆಳೆ’, ‘ಮುಂದೆ ಸರಿ’, ‘ಅಂಟಿಕೋ’ ಅಂತ ಸೂಚನೆ ಕೊಡುವ ಪ್ರೋಟೀನ್‌ಗಳು.

ಹೆಸರು ನೆನಪಿಟ್ಟುಕೊಳ್ಳಬೇಕಾದವು ಮೂರು. ಒಂದು ಇಜಿಎಫ್. ಇದು ಮೇಲ್ಪದರದ ಜೀವಕೋಶಗಳು ಹೆಚ್ಚಾಗಲು, ಸರಿದು ಗಾಯ ಮುಚ್ಚಲು ನೆರವಾಗುತ್ತದೆ. ಹುಬ್ಬಿನ ಹೊರಗಡೆಯ ಕೆಳಗೆ ಇರುವ ಕಣ್ಣೀರಿನ ಗ್ರಂಥಿ ಇದನ್ನು ತಯಾರಿಸುತ್ತದೆ. ಎರಡನೆಯದು ಎನ್‌ಜಿಎಫ್, ನರಗಳ ಬೆಳವಣಿಗೆಗೆ ಬೇಕಾದದ್ದು. ಮೂರನೆಯದು ಟಿಜಿಎಫ್-ಬೀಟಾ. ಇದು ಬೇಕು, ಆದರೆ ಜಾಸ್ತಿಯಾದರೆ ಅಥವಾ ಜಾಗ ತಪ್ಪಿದರೆ ತೊಂದರೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಎನ್‌ಜಿಎಫ್ ಕಂಡುಹಿಡಿದ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಇಜಿಎಫ್ ಕಂಡುಹಿಡಿದ ಸ್ಟ್ಯಾನ್ಲಿ ಕೋಹೆನ್ ಇಬ್ಬರಿಗೂ 1986ರಲ್ಲಿ ನೊಬೆಲ್ ಬಂತು. ಕೋಹೆನ್‌ಗೆ ಇಜಿಎಫ್ ಸುಳಿವು ಸಿಕ್ಕಿದ್ದು ಕಣ್ಣಿನಿಂದಲೇ. ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ಅವುಗಳ ಕಣ್ಣು ಮಾಮೂಲಿಗಿಂತ ಬೇಗ ತೆರೆದುಕೊಂಡವು. ಏಕೆ ಅಂತ ಬೆನ್ನುಹತ್ತಿ ಹೋದವರಿಗೆ ಸಿಕ್ಕಿದ್ದು ಈ ಪ್ರೋಟೀನ್.

ಹೆಜ್ಜೆ 1: ಆಪರೇಷನ್‌ಗೆ ಮೊದಲೇ ಕಣ್ಣೀರಿನ ಪರೀಕ್ಷೆ ಮಾಡಿಸಿ

ಒಣಗಿದ ಕಣ್ಣಿಗೆ ಲೇಸರ್ ಮಾಡಿದರೆ ಗಾಯ ನಿಧಾನವಾಗಿ ಮಾಯುತ್ತದೆ, ಉರಿ ಬಹಳ ದಿನ ಉಳಿಯುತ್ತದೆ. ಕಾರ್ನಿಯಾದ ದಪ್ಪ, ಆಕಾರ ಎಲ್ಲ ಕಡೆಯೂ ನೋಡುತ್ತಾರೆ. ಕಣ್ಣೀರಿನ ಬಗ್ಗೆ ನೀವೇ ಬಾಯಿಬಿಟ್ಟು ಕೇಳಿ. ಪರೀಕ್ಷೆಗಳು ಸುಲಭದವು. ಶರ್ಮರ್ ಪರೀಕ್ಷೆಯಲ್ಲಿ ಕೆಳರೆಪ್ಪೆಯ ಒಳಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ, 5 ನಿಮಿಷದಲ್ಲಿ ಎಷ್ಟು ಮಿಲಿಮೀಟರ್ ಒದ್ದೆಯಾಯಿತು ಅಂತ ನೋಡುತ್ತಾರೆ. 5 ಮಿಲಿಮೀಟರ್‌ಗಿಂತ ಕಡಿಮೆ ಅಂದರೆ ಕಣ್ಣೀರು ತೀರಾ ಕಡಿಮೆ. ಇನ್ನೊಂದು ಪರೀಕ್ಷೆಯಲ್ಲಿ ಹಳದಿ ಬಣ್ಣ ಹಾಕಿ, ರೆಪ್ಪೆ ಬಡಿಯದೆ ಇದ್ದರೆ ಕಣ್ಣೀರಿನ ಪದರ ಎಷ್ಟು ಸೆಕೆಂಡಿಗೆ ಒಡೆಯುತ್ತದೆ ಅಂತ ಎಣಿಸುತ್ತಾರೆ. 10 ಸೆಕೆಂಡಿಗಿಂತ ಮೊದಲೇ ಒಡೆದರೆ ಪದರ ಗಟ್ಟಿಯಿಲ್ಲ ಅಂತ ಅರ್ಥ. ಎರಡೂ ಅಂಕಿಗಳನ್ನು ಫೈಲಿನಲ್ಲಿ ಬರೆಸಿಕೊಳ್ಳಿ.

ರೆಪ್ಪೆಯ ಅಂಚಿನಲ್ಲಿ ಎಣ್ಣೆ ಗ್ರಂಥಿಗಳಿವೆ. ಅವು ಕಟ್ಟಿಕೊಂಡಿದ್ದರೆ ಕಣ್ಣೀರು ಬೇಗ ಆರಿಹೋಗುತ್ತದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ, ರೆಪ್ಪೆ ಶುಚಿ ಮಾಡುವುದು, ಬೇಕಾದರೆ ಔಷಧಿ, ಇದೆಲ್ಲ ಮುಗಿದ ಮೇಲೆಯೇ ಲೇಸರ್ ದಿನಾಂಕ ಗೊತ್ತುಮಾಡಿ. ಮದುವೆ ಮುಂದಿದೆ, ಕೆಲಸದ ಪರೀಕ್ಷೆ ಮುಂದಿದೆ ಅಂತ ಆತುರ ಪಡುವವರು ಜಾಸ್ತಿ. ಕಣ್ಣು ಒಣಗಿದ್ದರೆ ತಿಂಗಳೆರಡು ತಿಂಗಳು ಮುಂದೂಡುವುದೇ ಸರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇವನ್ನು ಡಾಕ್ಟರ ಹತ್ತಿರ ಮುಚ್ಚಿಡಬೇಡಿ: ಸಕ್ಕರೆ ಕಾಯಿಲೆ, ಸಂಧಿವಾತದಂಥ ಕಾಯಿಲೆ, ಹಿಂದೆ ಕಣ್ಣಿಗೆ ಬಂದಿದ್ದ ಹರ್ಪಿಸ್, ಮೊಡವೆಗೆ ತೆಗೆದುಕೊಳ್ಳುವ ಐಸೋಟ್ರೆಟಿನಾಯಿನ್ ಮಾತ್ರೆ, ಗರ್ಭ ಅಥವಾ ಎದೆಹಾಲು ಕೊಡುತ್ತಿರುವುದು. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಕಾರ್ನಿಯಾದ ನರಗಳೂ ಸೊರಗುತ್ತವೆ, ಮೇಲ್ಪದರವೂ ನಿಧಾನವಾಗಿ ಬೆಳೆಯುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಳತೆಗೆ ಮೊದಲೇ ಬಿಡಬೇಕು. ಮೆತ್ತನೆಯ ಲೆನ್ಸ್ ಆದರೆ ಒಂದೆರಡು ವಾರ, ಗಟ್ಟಿ ಲೆನ್ಸ್ ಆದರೆ ಇನ್ನೂ ಮುಂಚೆ.

ಹೆಜ್ಜೆ 2: ನಿಮ್ಮ ಗಾಯ ಯಾವ ರೀತಿಯದು ಅಂತ ತಿಳಿದುಕೊಳ್ಳಿ

ಪಿಆರ್‌ಕೆ, ಲೇಸಿಕ್ ವಿಧಾನಗಳಲ್ಲಿ ಕಾರ್ನಿಯಾ ಕೆತ್ತಲು ಬಳಸುವ ಎಕ್ಸೈಮರ್ ಲೇಸರ್ 193 ನ್ಯಾನೋಮೀಟರ್ ಅಲೆಯಳತೆಯ ಅತಿನೇರಳೆ ಬೆಳಕು. ಅದು ಸುತ್ತಲಿನ ಭಾಗವನ್ನು ಸುಡದೆ ಕಣಕಣವಾಗಿ ಕೆತ್ತುತ್ತದೆ ಅಂತ 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ತೋರಿಸಿದವರಲ್ಲಿ ಭಾರತದಲ್ಲಿ ಹುಟ್ಟಿದ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು. ಸುಟ್ಟ ಗಾಯವಲ್ಲ ಅನ್ನುವುದಕ್ಕೇ ಇದು ಇಷ್ಟು ಚೊಕ್ಕಟವಾಗಿ ಮಾಯುತ್ತದೆ.

ಪಿಆರ್‌ಕೆ ವಿಧಾನದಲ್ಲಿ ಕಾರ್ನಿಯಾದ ಮೇಲ್ಪದರವನ್ನು ತೆಗೆದು, ಅಡಿಯ ಭಾಗವನ್ನು ಲೇಸರ್‌ನಿಂದ ಕೆತ್ತುತ್ತಾರೆ. ಆ ಮೇಲ್ಪದರದ ದಪ್ಪ ಸುಮಾರು 50 ಮೈಕ್ರಾನ್. ಅದು ಹೊಸದಾಗಿಯೇ ಬೆಳೆಯಬೇಕು. ಲೇಸಿಕ್‌ನಲ್ಲಿ ಸುಮಾರು 100ರಿಂದ 120 ಮೈಕ್ರಾನ್ ದಪ್ಪದ ಮುಚ್ಚಳ, ಅಂದರೆ ಫ್ಲ್ಯಾಪ್ ಎತ್ತಿ, ಅಡಿಯಲ್ಲಿ ಕೆತ್ತಿ, ಮತ್ತೆ ಮುಚ್ಚುತ್ತಾರೆ. ಮೇಲ್ಪದರ ಬಹುಪಾಲು ಹಾಗೇ ಉಳಿಯುವುದರಿಂದ ಮರುದಿನವೇ ಚೆನ್ನಾಗಿ ಕಾಣುತ್ತದೆ. ಆದರೆ ಫ್ಲ್ಯಾಪ್ ಕತ್ತರಿಸುವಾಗ ನರಗಳೂ ಕತ್ತರಿಸುತ್ತವೆ. ಸ್ಮೈಲ್ ವಿಧಾನದಲ್ಲಿ 2ರಿಂದ 4 ಮಿಲಿಮೀಟರ್ ಸೀಳಿನಿಂದ ಒಳಗಿನ ತೆಳು ಬಿಲ್ಲೆಯನ್ನು ತೆಗೆಯುತ್ತಾರೆ. ಇದರಲ್ಲಿ ನರಗಳಿಗೆ ಆಗುವ ಪೆಟ್ಟು ಕಡಿಮೆ.

ಅಂದರೆ ಪಿಆರ್‌ಕೆ ಆದವರ ಮೊದಲ ವಾರ ಕಷ್ಟ. ಲೇಸಿಕ್ ಆದವರಿಗೆ ಮೊದಲ ವಾರ ಸುಲಭ, ಮುಂದಿನ ತಿಂಗಳುಗಳ ಒಣಕಲು ಜಾಸ್ತಿ. ಇದು ಗೊತ್ತಿದ್ದರೆ ಅನಗತ್ಯ ಗಾಬರಿ ಇರುವುದಿಲ್ಲ.

ಹೆಜ್ಜೆ 3: ಮೊದಲ ಐದು ದಿನ

ಪಿಆರ್‌ಕೆ ಆದ ಕಣ್ಣನ್ನೇ ಹತ್ತಿರದಿಂದ ನೋಡೋಣ. ಸುಮಾರು 8 ಮಿಲಿಮೀಟರ್ ಅಗಲದ ಜಾಗದಲ್ಲಿ ಮೇಲ್ಪದರ ಇಲ್ಲ. ಮೇಲೆ ಬ್ಯಾಂಡೇಜ್ ಲೆನ್ಸ್ ಇಟ್ಟಿದ್ದಾರೆ. ಮೊದಲ ಕೆಲವು ಗಂಟೆ ಅಂಚಿನ ಜೀವಕೋಶಗಳು ತಮ್ಮ ಹಿಡಿತ ಸಡಿಲಿಸಿ, ಚಪ್ಪಟೆಯಾಗಿ, ಹೊರಡಲು ತಯಾರಾಗುತ್ತವೆ. ಆಮೇಲೆ ಎಲ್ಲ ಕಡೆಯಿಂದ ನಡುವಿನ ಕಡೆಗೆ ಹಾಳೆಯಂತೆ ಸರಿಯುತ್ತವೆ. ಗಾಯವಾದ ಮೇಲೆ ಕಣ್ಣೀರು ಜಾಸ್ತಿ ಹರಿಯುತ್ತದೆ, ಗಾಯದ ಮೇಲೆ ಬಂದು ಬೀಳುವ ಇಜಿಎಫ್ ಒಟ್ಟು ಪ್ರಮಾಣವೂ ಏರುತ್ತದೆ. ಬಿಳಿಗುಡ್ಡೆ ಮತ್ತು ಕಾರ್ನಿಯಾ ಸೇರುವ ಗಡಿಯಲ್ಲಿರುವ ಕಾಂಡಕೋಶಗಳು ಹಿಂದಿನಿಂದ ಹೊಸ ಜೀವಕೋಶಗಳನ್ನು ಒದಗಿಸುತ್ತವೆ. ಸಾಮಾನ್ಯವಾಗಿ 3ರಿಂದ 5 ದಿನಕ್ಕೆ ಗಾಯ ಮುಚ್ಚುತ್ತದೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಮೂರನೇ ನಾಲ್ಕನೇ ದಿನ ದೃಷ್ಟಿ ಮೊದಲ ದಿನಕ್ಕಿಂತ ಮಂಜಾಗಬಹುದು. ಸುತ್ತಲಿನಿಂದ ಬಂದ ಹಾಳೆಗಳು ನಡುವೆ ಕೂಡುವಾಗ ಅಲ್ಲಿ ಒಂದು ಉಬ್ಬುಗೆರೆ ಏಳುತ್ತದೆ. ಅದು ನೇರ ದೃಷ್ಟಿಯ ದಾರಿಯಲ್ಲೇ ಇರುತ್ತದೆ. ದಿನ ಕಳೆದಂತೆ ಅದು ಸಮವಾಗುತ್ತದೆ. ಮಂಜು ಒಂದೇ ಇದ್ದರೆ ಹೆದರಬೇಡಿ. ಮಂಜಿನ ಜೊತೆ ನೋವು ಏರುತ್ತಿದ್ದರೆ ಮಾತ್ರ ಆಸ್ಪತ್ರೆಗೆ ಹೋಗಿ.

ಈ ದಿನಗಳಲ್ಲಿ ಮಾಡಬೇಕಾದದ್ದು: ಕತ್ತಲೆ ಕೋಣೆ, ನಿದ್ದೆ, ಡಾಕ್ಟರು ಹೇಳಿದ ನೋವಿನ ಮಾತ್ರೆ, ಹೇಳಿದ ಹೊತ್ತಿಗೆ ಡ್ರಾಪ್ಸ್. ಮಲಗುವಾಗ ಪ್ಲಾಸ್ಟಿಕ್ ಕವಚ ಕಟ್ಟಿಕೊಳ್ಳಿ. ನಿದ್ದೆಗಣ್ಣಲ್ಲಿ ಕಣ್ಣು ಉಜ್ಜಿಬಿಡುವುದು ಎಲ್ಲರಿಗೂ ಆಗುವಂಥದ್ದು. ಹೊಸ ಮೇಲ್ಪದರ ಇನ್ನೂ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ, ಒಂದು ಸಲ ಉಜ್ಜಿದರೂ ಕಿತ್ತುಬರಬಹುದು. ಲೇಸಿಕ್ ಆದವರಿಗೆ ಫ್ಲ್ಯಾಪ್ ಜಾಗ ಬಿಟ್ಟು ಸರಿಯಬಹುದು. ಬ್ಯಾಂಡೇಜ್ ಲೆನ್ಸ್ ತಾನಾಗಿ ಬಿದ್ದುಹೋದರೆ ತೊಳೆದು ಮತ್ತೆ ಹಾಕಿಕೊಳ್ಳಬೇಡಿ. ಆಸ್ಪತ್ರೆಗೆ ಫೋನ್ ಮಾಡಿ.

ನೋವು ತಡೆಯಲಾಗದೆ ಮರಗಟ್ಟಿಸುವ ಡ್ರಾಪ್ಸ್ ಹುಡುಕುವವರಿದ್ದಾರೆ. ಆಪರೇಷನ್‌ಗೆ ಮೊದಲು ಕಣ್ಣಿಗೆ ಹಾಕುತ್ತಾರಲ್ಲ, ಆ ಪ್ರೊಪಾರಾಕೈನ್. ದಯವಿಟ್ಟು ಮನೆಗೆ ತರಬೇಡಿ, ಯಾರಾದರೂ ಕೊಟ್ಟರೂ ಹಾಕಬೇಡಿ. ಅದನ್ನು ಮತ್ತೆ ಮತ್ತೆ ಹಾಕಿದರೆ ಮೇಲ್ಪದರ ಬೆಳೆಯುವುದೇ ನಿಲ್ಲುತ್ತದೆ. ಕಾರ್ನಿಯಾ ಕರಗಿ ತೂತಾಗುವವರೆಗೂ ಹೋಗಬಹುದು. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವಿರಾದರೆ ಇದನ್ನೇ ಇಟ್ಟುಕೊಳ್ಳಿ.

ಮನೆಮದ್ದಿನ ಬಗ್ಗೆಯೂ ಹೇಳಬೇಕು. ನಂದಿಬಟ್ಟಲು ಹೂವಿನ ರಸ, ಎದೆಹಾಲು, ಹರಳೆಣ್ಣೆ, ಜೇನು, ಗುಲಾಬಿ ನೀರು. ಮನೆಯಲ್ಲಿ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಅಜ್ಜಿಗೆ ಸಮಾಧಾನವಾಗಿ ಹೇಳಿ, ‘ಅಜ್ಜಿ, ಈಗ ಕಣ್ಣಿನ ಮೇಲೆ ಚರ್ಮವೇ ಇಲ್ಲ, ಡಾಕ್ಟರು ಕೊಟ್ಟದ್ದು ಬಿಟ್ಟು ಏನೂ ಹಾಕೋ ಹಾಗಿಲ್ಲ’ ಅಂತ. ಎದೆಹಾಲಿನಲ್ಲಿ ಇಜಿಎಫ್ ಇರುವುದು ನಿಜ. ಹಾಗಂತ ಅದು ಕ್ರಿಮಿರಹಿತ ಅಲ್ಲ. ತೆರೆದ ಗಾಯಕ್ಕೆ ಒಂದು ಸೋಂಕು ಸಾಕು, ದೃಷ್ಟಿ ಹೋಗಲು.

ಹೆಜ್ಜೆ 4: ಡ್ರಾಪ್ಸ್ ಹಾಕುವ ಕ್ರಮ

ಕಣ್ಣಿನ ಮೇಲೆ ಯಾವಾಗಲೂ ಇರುವ ಕಣ್ಣೀರು ಸುಮಾರು 7 ಮೈಕ್ರೋಲೀಟರ್. ಬಾಟಲಿಯ ಒಂದು ಹನಿ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಸುಮಾರು 30ರಿಂದ 50 ಮೈಕ್ರೋಲೀಟರ್. ಎರಡನೇ ಹನಿಗೆ ಜಾಗವೇ ಇಲ್ಲ. ಅದು ಕೆನ್ನೆಗೆ ಇಳಿಯುತ್ತದೆ, ಇಳಿಯುವಾಗ ಒಳ್ಳೆಯ ಕಣ್ಣೀರನ್ನೂ ಕೊಚ್ಚಿಕೊಂಡು ಹೋಗುತ್ತದೆ.

ಆದ್ದರಿಂದ ಹೀಗೆ ಮಾಡಿ. ಕೈ ಸೋಪಿನಿಂದ ತೊಳೆದು ಒರೆಸಿಕೊಳ್ಳಿ. ಬಾಟಲಿಯ ಮೇಲೆ ‘ಅಲುಗಾಡಿಸಿ’ ಅಂತ ಇದ್ದರೆ ಚೆನ್ನಾಗಿ ಅಲುಗಾಡಿಸಿ. ಎಷ್ಟೋ ಸ್ಟೀರಾಯ್ಡ್ ಡ್ರಾಪ್ಸ್‌ನಲ್ಲಿ ಔಷಧಿ ತಳದಲ್ಲಿ ಕೂತಿರುತ್ತದೆ. ತಲೆ ಹಿಂದಕ್ಕೆ ಮಾಡಿ, ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಕ್ಕೆ ಎಳೆದು, ಆ ಬಟ್ಟಲಿಗೆ ಒಂದೇ ಹನಿ ಬಿಡಿ. ಬಾಟಲಿ ತುದಿ ರೆಪ್ಪೆಗೂ ತಾಗಬಾರದು. ಒಂದೆರಡು ನಿಮಿಷ ಕಣ್ಣು ಹಗುರವಾಗಿ ಮುಚ್ಚಿ, ಮೂಗಿನ ಪಕ್ಕದ ಮೂಲೆಯಲ್ಲಿ ಬೆರಳಿಂದ ಮೆಲ್ಲಗೆ ಒತ್ತಿಹಿಡಿಯಿರಿ. ಹಾಗೆ ಮಾಡಿದರೆ ಔಷಧಿ ಮೂಗಿಗೆ, ಗಂಟಲಿಗೆ ಇಳಿಯುವುದಿಲ್ಲ. ಮುಂದಿನ ಔಷಧಿಗೆ ಕನಿಷ್ಠ 5 ನಿಮಿಷ ಬಿಡಿ. ಮುಲಾಮು ಇದ್ದರೆ ಕೊನೆಯಲ್ಲಿ.

ಕೃತಕ ಕಣ್ಣೀರು ಕೊಳ್ಳುವಾಗ ಸಂರಕ್ಷಕ ಇಲ್ಲದ್ದು ಕೊಡಿ ಅಂತ ಕೇಳಿ. ಒಂದು ಸಲ ಒಡೆದು ಬಳಸುವ ಪುಟ್ಟ ಟ್ಯೂಬುಗಳು ಸಿಗುತ್ತವೆ, ಸಂರಕ್ಷಕವಿಲ್ಲದ ಬಾಟಲಿಗಳೂ ಇವೆ. ಬೆಲೆ ಸ್ವಲ್ಪ ಜಾಸ್ತಿ. ಮಾಮೂಲಿ ಬಾಟಲಿಗಳಲ್ಲಿ ಹಾಕುವ ಬೆಂಜಾಲ್ಕೋನಿಯಂ ಕ್ಲೋರೈಡ್ ಪದೇಪದೇ ಬಿದ್ದರೆ ಹೊಸ ಮೇಲ್ಪದರಕ್ಕೆ ಪೆಟ್ಟು ಕೊಡುತ್ತದೆ. ಈ ಕೆಲವು ತಿಂಗಳ ಮಟ್ಟಿಗೆ ಅಲ್ಲಿ ಉಳಿತಾಯ ನೋಡಬೇಡಿ. ಕೃತಕ ಕಣ್ಣೀರಿನಲ್ಲಿ ಗ್ರೋತ್ ಫ್ಯಾಕ್ಟರ್ ಇರುವುದಿಲ್ಲ. ಅದು ಮೇಲ್ಮೈಯನ್ನು ಒದ್ದೆಯಾಗಿಡುತ್ತದೆ, ಅಷ್ಟೇ. ಆ ಒದ್ದೆಯೇ ಜೀವಕೋಶಗಳು ಸರಿದಾಡಲು ಬೇಕು.

ಹೆಜ್ಜೆ 5: ನಿಮ್ಮ ಸ್ವಂತ ಕಣ್ಣೀರನ್ನು ಉಳಿಸಿಕೊಳ್ಳಿ

ಎಲ್ಲ ಕಣ್ಣೀರೂ ಒಂದೇ ಅಲ್ಲ. ಈರುಳ್ಳಿ ಹೆಚ್ಚುವಾಗ, ಒಗ್ಗರಣೆ ಘಾಟಿಗೆ ಸುರಿಯುವ ಕಣ್ಣೀರಿನಲ್ಲಿ ಇಜಿಎಫ್ ಸಾಂದ್ರತೆ ಕಡಿಮೆ. ನೀರು ಬೆರೆಸಿದ ಮಜ್ಜಿಗೆಯ ಹಾಗೆ. ಸದಾ ಕಣ್ಣನ್ನು ಹೊದ್ದಿರುವ ಮಾಮೂಲಿ ಕಣ್ಣೀರೇ ಗಟ್ಟಿಯಾದದ್ದು. ‘ನನ್ನ ಕಣ್ಣಲ್ಲಿ ನೀರು ಸುರೀತಾನೇ ಇರುತ್ತೆ, ಒಣಗಿದೆ ಅಂತೀರಲ್ಲ’ ಅಂತ ಕೇಳುವವರಿಗೆ ಉತ್ತರ ಇಲ್ಲಿದೆ. ಕಣ್ಣು ಒಣಗಿ ಚುಚ್ಚಿದಾಗಲೇ ಆ ತೆಳುನೀರು ಸುರಿಯುವುದು.

ಮಾಮೂಲಿ ಕಣ್ಣೀರು ಆರಿಹೋಗದಂತೆ ನೋಡಿಕೊಳ್ಳಿ. ಫ್ಯಾನ್ ನೇರವಾಗಿ ಮುಖಕ್ಕೆ ಬೀಸುವ ಹಾಗೆ ಮಲಗಬೇಡಿ, ನಿದ್ದೆಯಲ್ಲಿ ಎಷ್ಟೋ ಜನರ ರೆಪ್ಪೆ ಪೂರ್ತಿ ಮುಚ್ಚಿರುವುದಿಲ್ಲ. ಎಸಿ ಬಸ್ಸಲ್ಲಿ, ಕಾರಲ್ಲಿ ಗಾಳಿ ಬರುವ ಕಿಂಡಿಯನ್ನು ಬೇರೆ ಕಡೆಗೆ ತಿರುಗಿಸಿ. ಸ್ಕ್ರೀನ್ ನೋಡುವಾಗ ರೆಪ್ಪೆ ಬಡಿತ ನಿಮಿಷಕ್ಕೆ ಸುಮಾರು 15ರಿಂದ ಅರ್ಧಕ್ಕೂ ಕಡಿಮೆಗೆ ಇಳಿಯುತ್ತದೆ. ಪ್ರತಿ 20 ನಿಮಿಷಕ್ಕೊಮ್ಮೆ ದೂರ ನೋಡಿ, ಪೂರ್ತಿ ಮುಚ್ಚಿ ತೆರೆಯುವಂತೆ ಹತ್ತು ಸಲ ರೆಪ್ಪೆ ಬಡಿಯಿರಿ. ಅರ್ಧ ಮುಚ್ಚಿದರೆ ಕಣ್ಣೀರು ಕೆಳಭಾಗಕ್ಕೆ ಹರಡುವುದಿಲ್ಲ. ಐಟಿ ಕೆಲಸದವರು ಪಿಆರ್‌ಕೆ ಆದರೆ ಒಂದು ವಾರ ರಜೆ ಹಾಕಿಯೇ ಬಿಡಿ.

ಸ್ಕೂಟರ್, ಬೈಕ್ ಓಡಿಸುವುದನ್ನು ಡಾಕ್ಟರು ಒಪ್ಪಿದ ಮೇಲೆ ಶುರುಮಾಡಿ. ಹೆಲ್ಮೆಟ್ಟಿನ ಗಾಜು ಇಳಿಸಿರಲಿ. ತಲೆಸ್ನಾನಕ್ಕೆ ಒಂದು ವಾರವಾದರೂ ಕಾಯಿರಿ, ಆಮೇಲೂ ಸಲೂನಿನಲ್ಲಿ ಮಾಡುವಂತೆ ತಲೆ ಹಿಂದಕ್ಕೆ ಚಾಚಿ ಬೇರೆಯವರಿಂದ ತೊಳೆಸಿಕೊಳ್ಳಿ. ಕಾಡಿಗೆ, ಐಲೈನರ್, ಈಜುಕೊಳ, ಹೋಳಿ ಬಣ್ಣ ಇವೆಲ್ಲ ಒಂದು ತಿಂಗಳು ಬೇಡ.

ಆಹಾರದಲ್ಲಿ ವಿಶೇಷ ಪಥ್ಯವೇನೂ ಬೇಡ. ಸೊಪ್ಪು, ತರಕಾರಿ, ಬೇಳೆ, ಮೊಟ್ಟೆ, ಸಾಕಷ್ಟು ನೀರು ಸಾಕು. ಒಮೆಗಾ-3 ಮಾತ್ರೆ ಬಗ್ಗೆ ತುಂಬ ಪ್ರಚಾರ ಇದೆ. ಆದರೆ 2018ರಲ್ಲಿ ಪ್ರಕಟವಾದ ಡ್ರೀಮ್ ಎಂಬ ದೊಡ್ಡ ಅಧ್ಯಯನದಲ್ಲಿ ಒಣಕಣ್ಣಿನವರಿಗೆ ಅದು ಆಲಿವ್ ಎಣ್ಣೆಯ ಮಾತ್ರೆಗಿಂತ ಹೆಚ್ಚಿನ ಗುಣವೇನೂ ಕೊಡಲಿಲ್ಲ. ಸುಮ್ನೆ ದುಡ್ಡು ಹಾಕಬೇಡಿ.

ಹೆಜ್ಜೆ 6: ಬಿಸಿಲು ಮತ್ತು ಮಂಜುಕಲೆ

ಈಗ ಟಿಜಿಎಫ್-ಬೀಟಾ ವಿಷಯ. ಮೇಲ್ಪದರದ ಅಡಿಯಲ್ಲಿ ತೆಳುವಾದ ತಳಪೊರೆಯೊಂದಿದೆ. ಟಿಜಿಎಫ್-ಬೀಟಾ ಒಳಗಿನ ದಪ್ಪ ಪದರಕ್ಕೆ ಹೋಗದಂತೆ ಅದು ತಡೆಯುತ್ತದೆ. ಪಿಆರ್‌ಕೆಯಲ್ಲಿ ಆ ತಡೆಯೂ ಹೋಗಿರುತ್ತದೆ. ತಳಪೊರೆ ಬೇಗ ಮತ್ತೆ ಬೆಳೆದರೆ ಸರಿ. ತಡವಾದರೆ ಟಿಜಿಎಫ್-ಬೀಟಾ ಒಳಗಿಳಿಯುತ್ತಲೇ ಇರುತ್ತದೆ, ಅಲ್ಲಿನ ಪಾರದರ್ಶಕ ಜೀವಕೋಶಗಳು ಕಲೆ ಕಟ್ಟುವ ಜೀವಕೋಶಗಳಾಗಿ ಬದಲಾಗುತ್ತವೆ. ಕಾರ್ನಿಯಾ ಮಬ್ಬಾಗುತ್ತದೆ. ಇದನ್ನೇ ಹೇಜ್ ಅನ್ನುತ್ತಾರೆ. ಜಾಸ್ತಿ ಪವರ್ ಇದ್ದವರಿಗೆ, ಅಂದರೆ ಆಳವಾಗಿ ಕೆತ್ತಿದಾಗ, ಇದರ ಅಪಾಯ ಹೆಚ್ಚು. ಅಂಥವರಿಗೆ ಲೇಸರ್ ಆದ ತಕ್ಷಣ 0.02% ಮೈಟೋಮೈಸಿನ್-ಸಿ ಅನ್ನು ಕೆಲವು ಸೆಕೆಂಡಿನಿಂದ ಒಂದೆರಡು ನಿಮಿಷ ಇಟ್ಟು ತೊಳೆಯುತ್ತಾರೆ.

ನಿಮ್ಮ ಕೈಲಿರುವುದು ಎರಡು. ಅತಿನೇರಳೆ ಕಿರಣ ಹೇಜ್ ಹೆಚ್ಚಿಸುತ್ತದೆ. ಹೊರಗೆ ಹೋಗುವಾಗ ಯುವಿ 400 ತಂಪು ಕನ್ನಡಕ, ಅಗಲ ಅಂಚಿನ ಟೋಪಿ ಕನಿಷ್ಠ 3ರಿಂದ 6 ತಿಂಗಳು ಬೇಕು. ಮೋಡ ಇದ್ದರೂ ಬೇಕು. ಎರಡನೆಯದು, ಸ್ಟೀರಾಯ್ಡ್ ಡ್ರಾಪ್ಸ್ ಅನ್ನು ಹೇಳಿದಷ್ಟು ದಿನ, ಹೇಳಿದ ಹಾಗೆ ಇಳಿಸುತ್ತಾ ಹಾಕಿ. ಕಣ್ಣು ಚೆನ್ನಾಗಿದೆ ಅಂತ ನಡುವೆ ನಿಲ್ಲಿಸಬೇಡಿ. ಮೆಡಿಕಲ್ ಶಾಪಿನಲ್ಲಿ ಇನ್ನೊಂದು ಬಾಟಲಿ ತಂದು ಮುಂದುವರಿಸಲೂ ಬೇಡಿ. ಸ್ಟೀರಾಯ್ಡ್‌ನಿಂದ ಕಣ್ಣಿನ ಒತ್ತಡ ಏರಬಹುದು, ಅದು ಏರಿದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಪರೀಕ್ಷೆಯ ದಿನ ತಪ್ಪಿಸಬಾರದು.

ಹೆಜ್ಜೆ 7: ನರಗಳು ಮರಳಿ ಬರುವವರೆಗೆ

ಕಾರ್ನಿಯಾದಲ್ಲಿ ಚರ್ಮಕ್ಕಿಂತ ನೂರಾರು ಪಟ್ಟು ದಟ್ಟವಾಗಿ ನರಗಳಿವೆ. ನೋವು ತಿಳಿಸುವುದಷ್ಟೇ ಅವುಗಳ ಕೆಲಸವಲ್ಲ. ‘ಇಲ್ಲಿ ಒಣಗುತ್ತಿದೆ’ ಅಂತ ಅವು ಸುದ್ದಿ ಕಳಿಸಿದರೆ ತಾನೇ ಗ್ರಂಥಿ ಕಣ್ಣೀರು ಸುರಿಸುವುದು, ರೆಪ್ಪೆ ಬಡಿಯುವುದು? ನರ ಕತ್ತರಿಸಿದರೆ ಸುದ್ದಿ ಹೋಗುವುದಿಲ್ಲ, ಕಣ್ಣೀರು ಇಳಿಯುತ್ತದೆ, ಅದರ ಜೊತೆಗೆ ಬರುವ ಇಜಿಎಫ್, ಎನ್‌ಜಿಎಫ್ ಕೂಡ. ಲೇಸಿಕ್ ನಂತರದ ಒಣಕಣ್ಣಿನ ಮುಖ್ಯ ಕಾರಣ ಇದೇ. ಹೆಚ್ಚಿನವರಿಗೆ 6ರಿಂದ 12 ತಿಂಗಳಲ್ಲಿ ಸುಧಾರಿಸುತ್ತದೆ. ಅಲ್ಲಿಯವರೆಗೆ ಉರಿ ಇಲ್ಲದಿದ್ದರೂ ಕೃತಕ ಕಣ್ಣೀರು ಹಾಕುತ್ತಿರಿ. ಸ್ಪರ್ಶಜ್ಞಾನ ಕಡಿಮೆಯಿರುವ ಕಣ್ಣು ತನ್ನ ಕಷ್ಟ ಹೇಳಿಕೊಳ್ಳುವುದಿಲ್ಲ.

ಹೆಜ್ಜೆ 8: ಮಾಯದಿದ್ದರೆ

ಯಾವಾಗ ಬೇಕಾದರೂ ತಕ್ಷಣ ಓಡಬೇಕಾದ ಲಕ್ಷಣಗಳಿವು: ಇಳಿದಿದ್ದ ನೋವು ಮತ್ತೆ ಏರುವುದು, ಕೀವು, ಕೆಂಪು ಜಾಸ್ತಿಯಾಗುವುದು, ಕಪ್ಪು ಭಾಗದ ಮೇಲೆ ಬಿಳಿ ಚುಕ್ಕೆ, ದಿಢೀರನೆ ದೃಷ್ಟಿ ಕುಸಿಯುವುದು, ಕಣ್ಣಿಗೆ ಪೆಟ್ಟು. ಭಾನುವಾರ, ಹಬ್ಬ ಅಂತ ಕಾಯಬೇಡಿ.

ಸೋಂಕಿಲ್ಲದೆಯೂ ಮೇಲ್ಪದರ ಮುಚ್ಚದಿದ್ದರೆ, ಅಥವಾ ಒಣಕಲು ಯಾವ ಡ್ರಾಪ್ಸ್‌ಗೂ ಬಗ್ಗದಿದ್ದರೆ, ಸ್ವಂತ ರಕ್ತದ ಸೀರಂ ಡ್ರಾಪ್ಸ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ನಿಮ್ಮ ರಕ್ತ ತೆಗೆದು, ಹೆಪ್ಪುಗಟ್ಟಲು ಬಿಟ್ಟು, ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಲ್ಲುವ ತಿಳಿ ಸೀರಂ ಅನ್ನು ಸಲೈನ್ ಬೆರೆಸಿ ಸಾಮಾನ್ಯವಾಗಿ 20%ಗೆ ಇಳಿಸುತ್ತಾರೆ. ಅದರಲ್ಲಿ ಇಜಿಎಫ್, ವಿಟಮಿನ್ ಎ, ಜೀವಕೋಶಗಳು ಅಂಟಿಕೊಳ್ಳಲು ನೆರವಾಗುವ ಫೈಬ್ರೋನೆಕ್ಟಿನ್ ಎಂಬ ಪ್ರೋಟೀನ್ ಇರುತ್ತವೆ. ಕಣ್ಣೀರಿಗಿಂತ ಸೀರಂನಲ್ಲಿ ಟಿಜಿಎಫ್-ಬೀಟಾ ಜಾಸ್ತಿ, ಹಾಗಾಗಿಯೇ ಈ ತೆಳುಮಾಡುವುದು. ಇದರಲ್ಲಿ ಸಂರಕ್ಷಕ ಇಲ್ಲ. ಬಳಸುವ ಬಾಟಲಿ ಫ್ರಿಡ್ಜ್‌ನಲ್ಲಿ, ಉಳಿದವು ಫ್ರೀಜರ್‌ನಲ್ಲಿ. ಎಷ್ಟು ದಿನ ಇಡಬಹುದು ಅಂತ ಬಾಟಲಿ ಮೇಲೇ ಬರೆಸಿಕೊಳ್ಳಿ, ದಿನ ದಾಟಿದ್ದನ್ನು ಚೆಲ್ಲಿ.

ಎನ್‌ಜಿಎಫ್ ಅನ್ನೇ ಡ್ರಾಪ್ಸ್ ಮಾಡಿದ ಔಷಧಿ ಸೆನೆಗರ್ಮಿನ್. ಅಮೆರಿಕದ ಎಫ್‌ಡಿಎ ಇದಕ್ಕೆ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಅದು ನರ ಸತ್ತು ಕಾರ್ನಿಯಾ ಮಾಯದೇ ಇರುವ ಕಾಯಿಲೆಗೆ. ಮಾಮೂಲಿ ಲೇಸರ್ ಆದವರಿಗೆ ಬೇಕಾಗುವುದಿಲ್ಲ. ‘ಗ್ರೋತ್ ಫ್ಯಾಕ್ಟರ್ ಡ್ರಾಪ್ಸ್’ ಅಂತ ಆನ್‌ಲೈನಿನಲ್ಲಿ ಯಾರಾದರೂ ಮಾರಿದರೆ ಕೊಳ್ಳಬೇಡಿ.

ಹೆಜ್ಜೆ 9: ಫೈಲ್ ಜೋಪಾನ

ಲೇಸರ್ ಆದ ಕಾರ್ನಿಯಾ ಮೊದಲಿಗಿಂತ ತೆಳು. ಅಂಥ ಕಣ್ಣಿನ ಒತ್ತಡ ಅಳೆದಾಗ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳುಮಾಡುವ ಕಾಯಿಲೆ, ಕಣ್ತಪ್ಪಬಹುದು. ವಯಸ್ಸಾದ ಮೇಲೆ ಪೊರೆ ಆಪರೇಷನ್‌ಗೆ ಲೆನ್ಸ್ ಲೆಕ್ಕ ಹಾಕುವಾಗಲೂ ಹಳೆಯ ಅಳತೆ ಬೇಕಾಗುತ್ತದೆ. ಆಪರೇಷನ್‌ಗೆ ಮೊದಲಿನ ಪವರ್, ಕಾರ್ನಿಯಾ ದಪ್ಪ, ಬಾಗಿನ ಅಳತೆ, ಶರ್ಮರ್ ಅಂಕಿ, ಯಾವ ವಿಧಾನ, ಎಷ್ಟು ಮೈಕ್ರಾನ್ ಕೆತ್ತಿದರು, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆಸಿಕೊಂಡು ಫೋಟೋ ತೆಗೆದಿಡಿ. ಮುಂದೆ ಯಾವ ಕಣ್ಣಿನ ಡಾಕ್ಟರ ಹತ್ತಿರ ಹೋದರೂ, ಕನ್ನಡಕಕ್ಕೆ ಅಂತ ಹೋದರೂ, ಲೇಸರ್ ಆಗಿದೆ ಅಂತ ಮೊದಲೇ ಹೇಳಿ ಆ ಹಾಳೆ ತೋರಿಸಿ.